ಪುಟ್ಟಿಯ ಸಹಿ

ಹಾಸನ, 23 ಜುಲೈ 2024, ಮಂಗಳವಾರ

ಪುಟ್ಟಿ ಇವತ್ತು ಸಕಲೇಶಪುರದಿಂದ ಬಂದಿದ್ದೇ ರಾತ್ರಿ ಎಂಟಕ್ಕೆ. ಮಳೆ, ರಸ್ತೆ, ಬಸ್ಸು... ಈ ವಾರ ಎಲ್ಲರಿಗೂ ಅದೇ ಗೋಳು. ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು ಕೂತಳು, ಕುಡಿಯಲಿಲ್ಲ. ಮೇಲೆ ಕೆನೆ ಕಟ್ಟಿತು.

"ಅತ್ತೆ, ಸಾಹೇಬರು ಒಂದು ಲಿಸ್ಟಿಗೆ ಸಹಿ ಹಾಕು ಅಂತಿದ್ದಾರೆ."

ತರಬೇತಿಯ ಹಾಜರಿ ಪಟ್ಟಿ. ಬಂದವರು ಅರ್ಧ ಜನ. ಹೆಸರು ಮಾತ್ರ ಪೂರ್ತಿ, ಊಟದ ಬಿಲ್ಲೂ ಪೂರ್ತಿ. 'ಪರಿಶೀಲಿಸಿದೆ' ಅನ್ನೋ ಜಾಗದಲ್ಲಿ ಇವಳ ಸಹಿ ಬೇಕು. ಸಾಹೇಬರು ಗದರಿಸಿಲ್ಲವಂತೆ. "ಎಲ್ಲಾ ಕಡೆ ಹೀಗೇ ಕಣಮ್ಮ, ಸುಮ್ನೆ ಹಾಕು" ಅಂದರಂತೆ. ಮುಂದಿನ ತಿಂಗಳು ಕಾಂಟ್ರಾಕ್ಟ್ ರಿನ್ಯೂ ಆಗಬೇಕಲ್ವಾ ಅಂತ ಕೊನೆಗೆ ಒಂದು ಮಾತು.

"ಅವರ ಮುಂದೆ ನಿಂತರೆ ನಾಲಿಗೆ ಒಣಗುತ್ತೆ. ಭಾನುವಾರ ಚರ್ಚಲ್ಲಿ ಅಯ್ಯನವರೂ ಬೈಬಲಿನ ರೋಮಾಪುರದವರ ಪತ್ರಿಕೆ 13ನೇ ಅಧ್ಯಾಯವನ್ನೇ ಓದಿದರು. ಮೇಲಿರೋ ಅಧಿಕಾರಕ್ಕೆ ಅಧೀನರಾಗಿ ಅಂತ ವಾಕ್ಯಾನೇ ಇದ್ದ ಮೇಲೆ ನಾನು ಏನು ಮಾಡಲಿ?"

ನನಗೆ ಸಿಟ್ಟು ಬಂತು. ಅಯ್ಯನವರ ಮೇಲಲ್ಲ, ಅವರು ಪೂರ್ತಿ ಓದಿದರು. ಕೇಳೋ ನಾವು ಮೊದಲನೇ ವಚನಕ್ಕೇ ಕಿವಿ ಮುಚ್ಚಿಕೊಳ್ತೀವಿ. ಯೇಸುವಿನ ಸುವಾರ್ತೆ ಸಾರಿದ ಪೌಲ ಆ ಪತ್ರ ಬರೆದಾಗ ರೋಮಿನ ಸಿಂಹಾಸನದ ಮೇಲೆ ಇದ್ದವನು ನೀರೋ. ಕ್ರಿ.ಶ. 57ರ ಸುಮಾರು. ಕೆಲವೇ ವರ್ಷಕ್ಕೆ, 64ರಲ್ಲಿ ರೋಮ್ ಸುಟ್ಟಾಗ, ಕ್ರೈಸ್ತರ ಮೇಲೆ ತಪ್ಪು ಹೊರಿಸಿ ಕೊಲ್ಲಿಸಿದವನೂ ಅವನೇ. ಅಂಥವನ ಆಳ್ವಿಕೆಯಲ್ಲಿ ಕೂತು ಪೌಲ ಅಧಿಕಾರಿಯನ್ನು 'ದೇವರ ಸೇವಕ' ಅಂತಾನೆ. ಸೇವಕ ಅಂದಮೇಲೆ ಅವನಿಗೂ ಒಬ್ಬ ಧಣಿ ಇದ್ದಾನೆ. ಅದಕ್ಕೇ ಸಾಹೇಬರು ಬಂದಾಗ ಎದ್ದು ನಿಲ್ಲಬೇಕು. ಅದಕ್ಕೇ ನಡುಗಬೇಕಾಗಿಲ್ಲ. ಐದನೇ ವಚನದಲ್ಲಿ ದಂಡನೆಗೆ ಹೆದರಿ ಮಾತ್ರ ಅಲ್ಲ, ಮನಸ್ಸಾಕ್ಷಿಗೋಸ್ಕರವೂ ಅಧೀನರಾಗಿ ಅಂತಿದೆ. ಮನಸ್ಸಾಕ್ಷಿಗೋಸ್ಕರ ಮಾಡೋ ವಿಧೇಯತೆಗೆ ಸುಳ್ಳು ಸಹಿ ಹೇಗೆ ಹೊಂದುತ್ತೆ?

ಟಿಂಕು ಅಲ್ಲೇ ಮೊಬೈಲ್ ಹಿಡಿದು ನಗುತ್ತಿದ್ದ. ಅವನ ಹೆಲ್ಮೆಟ್ಟು ಬಿ.ಎಂ. ರೋಡ್ ಉದ್ದಕ್ಕೂ ಮೊಣಕೈಯಲ್ಲಿ. ಪೊಲೀಸರು ನಿಲ್ಲೋ ಎನ್.ಆರ್. ಸರ್ಕಲ್ ಬಂದಾಗ ಮಾತ್ರ ತಲೆಗೆ ಏರುತ್ತೆ. ನಿನಗೂ ಸೇರಿಸಿಯೇ ಹೇಳ್ತಿರೋದು ಕಣೋ ಅಂದೆ. ಎದ್ದು ಹೋದ.

ಪುಟ್ಟಿಗೆ ಫಿಲಿಪ್ಪಿ ಊರಿನ ಕಥೆ ಹೇಳಿದೆ. ವಿಚಾರಣೆ ಇಲ್ಲದೆ ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಹೊಡೆಸಿ, ಕಾಲಿಗೆ ಕೋಳ ಹಾಕಿ ಒಳಗೆ ತಳ್ಳಿದರು. ರಾತ್ರಿ ಭೂಕಂಪವಾಗಿ ಬಾಗಿಲೆಲ್ಲ ತೆರೆದುಕೊಂಡವು. ಇವರು ಓಡಲಿಲ್ಲ. ಬೆಳಗ್ಗೆ ಅಧಿಕಾರಿಗಳೇ 'ಬಿಟ್ಟುಬಿಡಿ' ಅಂತ ಹೇಳಿಕಳಿಸಿದರೆ, ಆಗ ಪೌಲ ಜಾಗ ಬಿಟ್ಟು ಕದಲಲಿಲ್ಲ! ನಾವು ರೋಮನ್ ಪ್ರಜೆಗಳು, ವಿಚಾರಣೆ ಇಲ್ಲದೆ ನಮಗೆ ಹೊಡೆಸೋ ಹಾಗಿಲ್ಲ, ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳಿಸ್ತೀರಾ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅವರು ಬಂದು ಸಮಾಧಾನ ಹೇಳಿ ಕರೆದುಕೊಂಡು ಹೋದರು. ಬೈಗುಳ ಇಲ್ಲ, ಕೂಗಾಟ ಇಲ್ಲ. ನಮ್ಮಣ್ಣನ ಹಾಗಲ್ಲ ನೋಡಿ. ಅವನು ಮನೆಯಲ್ಲಿ ಕೂತು ಎಲ್ಲಾ ಅಧಿಕಾರಿಗಳ ಜನ್ಮ ಜಾಲಾಡ್ತಾನೆ, ಕಚೇರಿಯ ಮೆಟ್ಟಿಲು ಹತ್ತಿದರೆ ಬೆನ್ನು ಬಾಗಿಸಿ ಕೈ ಮುಗೀತಾನೆ.

ಪುಟ್ಟಿ ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು, "ಪೌಲನಿಗೆ ರೋಮನ್ ಪೌರತ್ವ ಇತ್ತು ಅತ್ತೆ. ನನಗಿರೋದು ಕಾಂಟ್ರಾಕ್ಟ್ ಕೆಲಸ."

ನನ್ನ ಬಾಯಿ ಕಟ್ಟಿತು. ಅವಳ ಸಂಬಳದಲ್ಲೇ ಅತ್ತಿಗೆಯ ಔಷಧಿ ಬರೋದು. ಕಂತೂ ಇದೆ. ಉಪದೇಶ ಮಾಡೋ ನನಗೆ ಪೆನ್ಷನ್ ಬರುತ್ತೆ.

ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ. ಪ್ರಾರ್ಥನೆ ಮಾಡಿ ಮಲಗಿದರು.

ಈಗ ಹನ್ನೊಂದಾಗಿದೆ, ಕರೆಂಟ್ ಇಲ್ಲ. ಬೈಬಲಿನ ದಾನಿಯೇಲ ನೆನಪಾದ. ಅವನಿಗೆ ಯಾವ ಪೌರತ್ವ ಇತ್ತು? ಬಾಬೆಲಿನಲ್ಲಿ, ಅಂದರೆ ಬ್ಯಾಬಿಲೋನಿನಲ್ಲಿ, ಸೆರೆಯಾಳು. ತನ್ನ ಧರ್ಮಕ್ಕೆ ಸಲ್ಲದ ರಾಜನ ಊಟ ಬೇಡ ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ, ಆದರೆ ತಟ್ಟೆ ಎತ್ತಿ ಎಸೆಯಲಿಲ್ಲ. ಕೇಳಿಕೊಂಡ. ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನಿಮ್ಮಿಷ್ಟ ಅಂದ. ಪುಟ್ಟಿಯೂ ಹಾಗೇ ಕೇಳಬಹುದಲ್ವಾ? "ಸರ್, ಬಂದವರ ಹೆಸರಿನ ಪಟ್ಟಿ ಬೇರೆ ಬರೆದು ತಂದಿದ್ದೀನಿ, ಇದಕ್ಕೆ ಈಗಲೇ ಸಹಿ ಹಾಕ್ತೀನಿ." ಇವತ್ತೇ ಬರೆದಿಟ್ಟುಕೊಂಡರೆ ಎದುರು ನಿಂತಾಗ ನಾಲಿಗೆ ಒಣಗಿದರೂ ಕಾಗದ ಕೊಡಬಹುದು. ಬೆಳಗ್ಗೆ ಬಸ್ಸಿಗೆ ಮುಂಚೆ ಹೇಳಬೇಕು.

ಮೊಬೈಲ್ ಬೆಳಕಿನಲ್ಲೇ ಆ ಅಧ್ಯಾಯ ಮತ್ತೆ ಓದಿದೆ. ಅಲ್ಲಿ ದಾನಿಯೇಲನಿಗಿಂತ ಜಾಸ್ತಿ ಹೆದರಿರೋದು ಆ ದೊಡ್ಡ ಅಧಿಕಾರಿ. ನನಗೆ ರಾಜನ ಭಯ, ನಿಮ್ಮ ಮುಖ ಬಾಡಿದರೆ ನನ್ನ ತಲೆ ಹೋಗುತ್ತೆ ಅಂತಾನೆ. ಇವಳ ಸಾಹೇಬರಿಗೂ ಮೇಲೊಬ್ಬ ಸಾಹೇಬ ಇರಬೇಕು, ಅವನಿಗೆ ಪೂರ್ತಿ ಲಿಸ್ಟೇ ಬೇಕೇನೋ, ಹಾಗಿದ್ದರೆ ಪುಟ್ಟಿ ನಾಳೆ ಆ ಕಾಗದ ಚಾಚಿದಾಗ ಆ ಮನುಷ್ಯನ ಹೊಟ್ಟೆಯಲ್ಲೂ ಭಯ ಇರುತ್ತೇನೋ.