ಮಲೆನಾಡಿಗೆ ಕ್ರಿಕೆಟ್ ಕಿಟ್ ಹೊತ್ತು ಹೊರಡುವವರಿಗೆ

ಈ ಬೇಸಿಗೆಯಲ್ಲಿ ನಮ್ಮ ಕ್ರಿಕೆಟ್ ಸಂಘದ ಹದಿನಾಲ್ಕು ಮಂದಿ ಬೆಂಗಳೂರಿನಿಂದ ಹೊರಟು ಭದ್ರಾವತಿ, ಶಿವಮೊಗ್ಗ, ತೀರ್ಥಹಳ್ಳಿ, ಸಾಗರಗಳಲ್ಲಿ ಒಂದೊಂದು ಪಂದ್ಯ ಆಡಿ ಬಂದೆವು. ಇದೇ ಯೋಚನೆಯಲ್ಲಿರುವವರು ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಹುಟ್ಟುವ ಹೊತ್ತಿಗೆ ಅಲ್ಲಿ ಸಂಜೆಯ ಗುಡುಗು ಶುರುವಾಗಿರುತ್ತದೆ. ನಾವು ಹೋದದ್ದು ಅದರ ಮುಂದಿನ ಭರಣಿ ಮಳೆಯಲ್ಲಿ.

ತೀರ್ಥಹಳ್ಳಿಯಲ್ಲಿ ಹತ್ತು ಗಂಟೆಗೆ ಆಟ ಆರಂಭಿಸಿ ಕೆಟ್ಟೆವು. ಮೂರರ ಸುಮಾರಿಗೆ ಆಗುಂಬೆಯ ದಿಕ್ಕು ಕಪ್ಪಾಯಿತು, ಅರ್ಧ ಗಂಟೆಯಲ್ಲಿ ಮೈದಾನವೇ ಕೆರೆ. ಗೆಲ್ಲಲು 22 ರನ್ ಸಾಕಿತ್ತು, ಐದು ವಿಕೆಟ್ ಕೈಯಲ್ಲಿದ್ದವು. ಆ ಸಂಕಟ ಇನ್ನೂ ಇಳಿದಿಲ್ಲ. ಏಳೂವರೆಗೆ ಟಾಸ್ ಹಾಕಿದರೆ 30 ಓವರುಗಳ ಪಂದ್ಯ ಊಟದ ಹೊತ್ತಿಗೆ ಮುಗಿಯುತ್ತದೆ.

ರಣಜಿ ಪಂದ್ಯಗಳು ನಡೆಯುವ ಶಿವಮೊಗ್ಗದ ನವುಲೆಯಂಥ ಮೈದಾನ ಎಲ್ಲೆಡೆ ಸಿಗುವುದಿಲ್ಲ. ನಾವು ಆಡಿದ್ದೆಲ್ಲ ನಾರಿನ ಮ್ಯಾಟ್ ಮೇಲೆ. ಮೊಳೆ ಬೂಟು ಮನೆಯಲ್ಲೇ ಇರಲಿ, ರಬ್ಬರ್ ಅಡಿಯದು ಒಯ್ಯಿರಿ. ಚೆಂಡು ಎದೆಮಟ್ಟ ಏಳುವುದರಿಂದ ಮುಂಗಾಲಲ್ಲಿ ಆಡುವವರು ಬೇಗ ಔಟಾಗುತ್ತಾರೆ, ಕಟ್ ಬಲ್ಲವರು ಉಳಿಯುತ್ತಾರೆ. ಭದ್ರಾವತಿಯಲ್ಲಿ ಅದನ್ನು ನೋಡುತ್ತಾ ಅಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ನೆನಪಾಗದೆ ಇರಲಿಲ್ಲ. ಜಂಬಿಟ್ಟಿಗೆ ಮಣ್ಣಿಗೆ ಉಜ್ಜಿ ಹತ್ತೇ ಓವರಿನಲ್ಲಿ ಚೆಂಡಿನ ಹೊಳಪು ಹೋಗುತ್ತದೆ, ಹೆಚ್ಚಿಗೆ ಚೆಂಡು ಇಟ್ಟುಕೊಳ್ಳಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ವಿಷಯ. ಸಾಗರದ ಹತ್ತಿರ ನಾವು ಆಡಿದ ಮೈದಾನದ ಒಂದು ಬದಿಗೆ ಸೊಪ್ಪಿನಬೆಟ್ಟವಿತ್ತು, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಸಿಕ್ಸರ್ ಹೋದ ಚೆಂಡು ಹುಡುಕಲು ನಮ್ಮ ಹುಡುಗನೊಬ್ಬ ದರಕಿನೊಳಗೆ (ಉದುರಿದ ಒಣ ಎಲೆಗಳೊಳಗೆ) ಇಳಿಯುತ್ತಿದ್ದಂತೆ ಊರಿನ ತಂಡದವರು ಕೂಗಿದರು: “ಅಣ್ಣ, ಹೋಗಬೇಡಿ, ಎಣ್ಣೆ ಹಚ್ಚಿಕೊಂಡವರು ತರುತ್ತಾರೆ.” ಅವರ ಭಯ ಮಂಗನ ಕಾಯಿಲೆಯದು. ಈ ಜ್ವರ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗು (ಉಣ್ಣೆ ಹುಳ) ಕಚ್ಚಿ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ನಮ್ಮ ಆಟದ ಕಾಲವೂ ಅದೇ. ಹಾಗಾಗಿ ಚಡ್ಡಿ ಬೇಡ. ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆಯನ್ನು ಆರೋಗ್ಯ ಇಲಾಖೆಯೇ ಆ ಭಾಗದಲ್ಲಿ ಹಂಚುತ್ತದೆ, ಆತಿಥೇಯರನ್ನು ಮೊದಲೇ ಕೇಳಿ. ಸತ್ತ ಮಂಗ ಕಂಡ ಸುದ್ದಿಯಿದ್ದರೆ ಮೈದಾನ ಬದಲಿಸಿ. ಆಟ ಮುಗಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಜ್ವರ ಕಾಣಿಸಿಕೊಳ್ಳಲು ಮೂರರಿಂದ ಎಂಟು ದಿನ ಬೇಕಾಗುವುದರಿಂದ ಅಷ್ಟರಲ್ಲಿ ನೀವು ಬೆಂಗಳೂರಿನಲ್ಲಿರುತ್ತೀರಿ. ವೈದ್ಯರಿಗೆ ಕಾಡಂಚಿನಲ್ಲಿ ಆಡಿ ಬಂದದ್ದನ್ನು ಮೊದಲ ಮಾತಿನಲ್ಲೇ ಹೇಳಿ. ನೂರು ರೂಪಾಯಿಯೋ ಸಾವಿರವೋ, ಹೋದ ಚೆಂಡು ಹೋಗಲಿ.

ಸಾಗರದ ಪಂದ್ಯವನ್ನು ಕೊನೆಗೆ ಇಟ್ಟುಕೊಳ್ಳಿ. ತೀರ್ಥಹಳ್ಳಿಗೆ ರೈಲಿಲ್ಲ, ಬಾಡಿಗೆ ಮಿನಿ ಬಸ್ಸೇ ಗತಿ. ಸಾಗರದಿಂದಾದರೆ ಬೆಂಗಳೂರಿಗೆ ರಾತ್ರಿಯ ರೈಲಿದೆ. ಸಾಗರದಲ್ಲಿ ನಮಗೆ ಬಡಿಸಿದ ಅಪ್ಪೆಹುಳಿಯನ್ನು (ಮಾವಿನಕಾಯಿಯ ತಿಳಿಸಾರು) ಎಲ್ಲರೂ ಎರಡೆರಡು ಲೋಟ ಕುಡಿದು, ಕಿಟ್ ಬ್ಯಾಗುಗಳಿಗೆ ತಲೆಯಿಟ್ಟು ಜಗುಲಿಯಲ್ಲೇ ಸಂಜೆಯವರೆಗೆ ಮಲಗಿಬಿಟ್ಟೆವು. ಆಟ ಮುಗಿಸಿಯೇ ಊಟಕ್ಕೆ ಕುಳಿತುಕೊಳ್ಳಿ.