ಚಿಕ್ಕಮ್ಮನ ಮಿಡಿಗೆ ಕೀವರ್ಡ್ ಹುಡುಕಿದ ದಿನ

ಸಾಗರದ ಹತ್ತಿರ ಚಿಕ್ಕಮ್ಮನ ಮನೆ. ಆಷಾಢದ ಮಳೆ, ಬೆಳಿಗ್ಗೆಯೇ ಕರೆಂಟ್ ಹೋಗಿತ್ತು. ಜಗುಲಿಯ ಮೂಲೆಯಲ್ಲಿ ಕೂತರೆ ಮಾತ್ರ ಮೊಬೈಲ್ ಸಿಗ್ನಲ್. ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲೇ ಕೂತಿದ್ದೆ. ಜನ ಗೂಗಲ್‌ನಲ್ಲಿ ಯಾವ ಪದ ಹುಡುಕುತ್ತಾರೆ ಅಂತ ತೋರಿಸುವ ಒಂದು ಕೀವರ್ಡ್ ಟೂಲನ್ನು ಏಳು ದಿನಕ್ಕೆ ಪುಕ್ಕಟೆ ತೆಗೆದುಕೊಂಡಿದ್ದೆ, ಸಂಜೆಗೆ ಅದರ ಗಡುವು ಮುಗಿಯುತ್ತಿತ್ತು. ದುಡ್ಡು ಕಟ್ಟಬೇಕೋ ಬೇಡವೋ ಅಂತ ಅಷ್ಟರೊಳಗೆ ತೀರ್ಮಾನ ಆಗಬೇಕಿತ್ತು.

ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ನೋಡಲು ಚೆನ್ನಾಗಿತ್ತು, ಆದರೆ ಗೂಗಲ್‌ನಿಂದ ಬರುವವರು ತೀರಾ ಕಡಿಮೆ. ಜನ ಯಾವ ಪದ ಹೊಡೆದು ಹುಡುಕುತ್ತಾರೆ ಅಂತ ತಿಳಿಯದೆ ಪುಟ ಬರೆದರೆ ಹೀಗೇ ಆಗುವುದು. ಅದಕ್ಕೇ ಈ ಟೂಲ್‌ಗಳ ಹಿಂದೆ ಬಿದ್ದಿದ್ದೆ. ಅಹ್ರೆಫ್ಸ್, ಸೆಮ್‌ರಷ್‌ನಂಥ ದೊಡ್ಡವುಗಳಿಗೆ ತಿಂಗಳು ತಿಂಗಳೂ ಡಾಲರ್‌ಗಳಲ್ಲಿ ದುಡ್ಡು ಕಟ್ಟಬೇಕು. ಅವು ನಮ್ಮ ಕೈಗೆ ಎಟುಕುವಂಥವಲ್ಲ. ನಾನು ತೆಗೆದುಕೊಂಡಿದ್ದು ಇನ್ನೊಂದು, ಸ್ವಲ್ಪ ಅಗ್ಗದ್ದು.

ಅದರಲ್ಲಿ ಕನ್ನಡದಲ್ಲೇ 'ಅಪ್ಪೆಮಿಡಿ ಉಪ್ಪಿನಕಾಯಿ' ಅಂತ ಹಾಕಿದೆ. ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಅನ್ನುವ ಜಾಗದಲ್ಲಿ ಸೊನ್ನೆ. 'ಮಿಡಿ ಉಪ್ಪಿನಕಾಯಿ', 'ಮಾವಿನಮಿಡಿ', ಎಲ್ಲದಕ್ಕೂ ಸೊನ್ನೆ.

ಚಿಕ್ಕಮ್ಮ ಕಾಫಿ ತಂದಿಟ್ಟು ಬಗ್ಗಿ ನೋಡಿದರು. "ಎಂತದೇ ಅದು ಸೊನ್ನೆ?"

"ಈ ಪದ ಯಾರೂ ಹುಡುಕಲ್ವಂತೆ ಚಿಕ್ಕಮ್ಮ."

"ಯಾರೂ ಇಲ್ವಾ? ಮತ್ತೆ ಹೋದ ವರ್ಷ ಅಷ್ಟೆಲ್ಲ ಫೋನ್ ಮಾಡಿದವರು ಯಾರು ಮಾರಾಯ್ತಿ?"

ಅವರ ಮಾತು ಸರಿಯಾಗಿತ್ತು. ಆ ಸೊನ್ನೆಗೆ 'ಯಾರೂ ಇಲ್ಲ' ಎಂಬ ಅರ್ಥ ಇಲ್ಲ. ಇಂಥ ಟೂಲ್‌ಗಳ ಹತ್ತಿರ ಅವರದೇ ಒಂದು ಪದಗಳ ಪಟ್ಟಿ ಇರುತ್ತದೆ, ಅಂಕಿಗಳೆಲ್ಲ ಅಂದಾಜು. ಪಟ್ಟಿಯಲ್ಲಿ ಇಲ್ಲದ ಪದಕ್ಕೆ, ಬಹಳ ಕಡಿಮೆ ಜನ ಹುಡುಕುವ ಪದಕ್ಕೆ ಸೊನ್ನೆ ಬರುತ್ತದೆ. ನಮ್ಮ ಕಡೆಯ ಮಾತಿಗೆ ಇನ್ನೂ ಒಂದು ತೊಂದರೆ ಇದೆ. ಒಬ್ಬರು ಕನ್ನಡದಲ್ಲಿ ಹೊಡೆಯುತ್ತಾರೆ, ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ. ಅದರಲ್ಲೂ ಅಪ್ಪೆಗೆ ಒಂದು 'ಪಿ' ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ. ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗ ಆದರೂ, ಇಂಗ್ಲಿಷಿನಲ್ಲಿ ಶಿಮೊಗ ಅಂತ ಹೊಡೆಯುವ ಕೈಗಳು ಇನ್ನೂ ಬೇಕಾದಷ್ಟಿವೆ. ಮೊದಲೇ ಕಡಿಮೆ ಇರುವ ಹುಡುಕಾಟ ಹೀಗೆ ಚೂರು ಚೂರಾಗಿ ಹಂಚಿಹೋಗುತ್ತದೆ.

ಆಮೇಲೆ ಗೂಗಲ್‌ನದೇ ಕೀವರ್ಡ್ ಪ್ಲಾನರ್ ತೆರೆದೆ. ಅದು ಪುಕ್ಕಟೆ, ಗೂಗಲ್ ಆ್ಯಡ್ಸ್ ಖಾತೆ ಬೇಕು. ಆದರೆ ಜಾಹೀರಾತಿಗೆ ದುಡ್ಡು ಹಾಕದವರಿಗೆ ಸರಿಯಾದ ಅಂಕಿ ಕೊಡುವುದಿಲ್ಲ, 10ರಿಂದ 100, 100ರಿಂದ 1,000 ಅಂತ ದೊಡ್ಡ ಅಂತರದಲ್ಲಿ ಹೇಳುತ್ತದೆ. ಹನ್ನೆರಡು ಜನಕ್ಕೂ ತೊಂಬತ್ತು ಜನಕ್ಕೂ ವ್ಯತ್ಯಾಸ ಇಲ್ವಾ? ನಮ್ಮಂಥ ಸಣ್ಣ ವ್ಯಾಪಾರಕ್ಕೆ ಆ ವ್ಯತ್ಯಾಸವೇ ಎಲ್ಲ. ಹುಡುಕಾಟದ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸನ್ನೂ ನೋಡಿದೆ. ಅದರಲ್ಲಿ ಬರುವ 100 ಅಂದರೆ ನೂರು ಜನ ಅಲ್ಲ, ಆ ಅವಧಿಯಲ್ಲಿ ಅತಿ ಹೆಚ್ಚು ಹುಡುಕಿದ ಹೊತ್ತು ಅಂತ. ಯಾವ ತಿಂಗಳು ಜಾಸ್ತಿ, ಯಾವ ರಾಜ್ಯದಲ್ಲಿ ಜಾಸ್ತಿ ಅಂತ ತಿಳಿಯಲು ಅದು ಒಳ್ಳೆಯದೇ. ನಮ್ಮ ಮಿಡಿಗೆ ಮಾತ್ರ ಡೇಟಾ ಸಾಲದು ಅಂದಿತು.

ಕೊನೆಗೆ ಗೂಗಲ್‌ನದೇ ಸರ್ಚ್ ಕನ್ಸೋಲ್ ತೆರೆದೆ. ವೆಬ್‌ಸೈಟ್ ಮಾಡಿದ ದಿನವೇ ಜೋಡಿಸಿದ್ದೆ, ತಿರುಗಿ ನೋಡಿರಲಿಲ್ಲ. ಇದೂ ಪುಕ್ಕಟೆ. ಜನ ಏನು ಹುಡುಕಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಎಷ್ಟನೇ ಜಾಗದಲ್ಲಿತ್ತು, ಎಲ್ಲ ಇರುತ್ತದೆ. ಹಿಂದಿನ 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ತೀರಾ ಅಪರೂಪದ ಹುಡುಕಾಟಗಳನ್ನು ಖಾಸಗಿತನಕ್ಕಾಗಿ ಮುಚ್ಚಿಡುತ್ತಾರೆ. ಉಳಿದದ್ದೇ ನನಗೆ ಬೇಕಾದಷ್ಟಾಯಿತು. ಸೊನ್ನೆ ಅಂದಿದ್ದ ಪದಗಳೆಲ್ಲ ಅಲ್ಲಿದ್ದವು. ಅವುಗಳ ನಡುವೆ ಕನ್ನಡದ ಒಂದು ಸಾಲು: 'ಮಿಡಿ ಉಪ್ಪಿನಕಾಯಿ ಮೆತ್ತಗಾಗದಂತೆ'. ಕಾಣಿಸಿದ್ದು ಕೆಲವೇ ಸಲ, ಒತ್ತಿದವರು ಒಬ್ಬರೂ ಇಲ್ಲ. ನಮ್ಮ ಪುಟದಲ್ಲಿ ಅದಕ್ಕೆ ಉತ್ತರ ಇದ್ದರೆ ತಾನೇ ಒತ್ತುವುದು!

ಓದಿ ಹೇಳಿದೆ. ಚಿಕ್ಕಮ್ಮ ಏನೂ ಹೇಳದೆ ಒಳಗೆ ಹೋಗಿ ಅಡಿಕೆ ಲೆಕ್ಕದ ಪುಸ್ತಕ ತಂದರು. ಅದರ ಹಿಂದಿನ ಹಾಳೆಗಳಲ್ಲಿ ಉಪ್ಪಿನಕಾಯಿ ಆರ್ಡರ್ ಬರೆಯುತ್ತಾರೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಫೋನ್ ಮಾಡಿದವರು ಕೇಳಿದ್ದು: 'ಮೆತ್ತಗೆ ಆತಂತೆ.' 'ಎಣ್ಣೆ ಹಾಕ್ತೀರಾ.' 'ಎಷ್ಟು ವರ್ಷ ಇಡಬಹುದು.' ಮೆತ್ತಗಾಗುವ ಮಾತು ನಾಲ್ಕು ಕಡೆ ಇತ್ತು.

ಅಡುಗೆಮನೆಗೆ ಕರೆದುಕೊಂಡು ಹೋಗಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು. ಸೊನೆಯ ಘಾಟು ಮೂಗಿಗೆ ಬಡಿಯಿತು. ಒಂದು ಮಿಡಿ ಎತ್ತಿ ನನ್ನ ಅಂಗೈಯಲ್ಲಿಟ್ಟರು. ಉಪ್ಪಲ್ಲಿ ಕೂತು ಚಿರುಟಿತ್ತು, ತೊಟ್ಟು ಹಾಗೇ ಇತ್ತು, ಒತ್ತಿದರೆ ಗಟ್ಟಿ. "ಮರದಿಂದ ಚೀಲದಲ್ಲಿ ಇಳಿಸಬೇಕು, ನೆಲಕ್ಕೆ ಬೀಳಬಾರದು. ಪೆಟ್ಟು ಬಿದ್ದಿದ್ದು ಒಳಗಿಂದ ಕೊಳೆಯುತ್ತೆ. ತೊಟ್ಟು ಮುರೀಬಾರದು. ಉಪ್ಪಿಗೆ ಜಿಪುಣತನ ಮಾಡಬಾರದು. ಒದ್ದೆ ಕೈ ಹಾಕಬಾರದು. ಇಷ್ಟನ್ನೂ ಬರಿ," ಅಂದರು.

ಆ ಟೂಲಿಗೆ ದುಡ್ಡು ಕಟ್ಟಲಿಲ್ಲ. ನೂರಾರು ಪುಟ ಇರುವವರಿಗೆ, ಎದುರಾಳಿಗಳ ಲೆಕ್ಕ ಬೇಕಾದವರಿಗೆ ಅಂಥದ್ದು ಬೇಕಾಗಬಹುದು. ನಮಗೆ ಸರ್ಚ್ ಕನ್ಸೋಲ್ ಮತ್ತು ಅಡಿಕೆ ಪುಸ್ತಕದ ಹಿಂದಿನ ಹಾಳೆ ಸಾಕು ಅನ್ನಿಸಿತು. ಬ್ಯಾಟರಿ ಮುಗಿಯುವ ಮೊದಲು ಹೊಸ ಪುಟಕ್ಕೆ ತಲೆಬರಹ ಹಾಕಿದೆ: 'ಮಿಡಿ ಉಪ್ಪಿನಕಾಯಿ ಮೆತ್ತಗಾಗದಂತೆ ಏನು ಮಾಡಬೇಕು?' ಚಿಕ್ಕಮ್ಮ ಪಕ್ಕದಲ್ಲಿ ಕೂತು, ಪೆನ್ಸಿಲ್‌ನಲ್ಲಿ ಬರೆದ ಎರಡನೇ ಸಾಲಿನ ಮೇಲೆ ಬೆರಳಿಟ್ಟರು. "ಎಣ್ಣೆಯದ್ದು ಯಾವಾಗ ಬರೀತೀಯೇ?"