ಮನೇಲಿ ಹುಳ ಐತೆ ಸಾರ್

ಶನಿವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ಹುಳಕ್ಕೆಲ್ಲ ಹೆದರ್ತಾರೇನಮ್ಮಾ?" ಬಸ್ಸಿನಲ್ಲಿ ಕೂತರೆ ಅದು, ಅನ್ನಕ್ಕೆ ಇಟ್ಟು ನಿಂತರೆ ಅದು, ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರೂ ಅದೇ. ಮಾತಿನ ಹಿಂದೆಯೇ ಆ ಸಭೆಯ ನಗು. ನಗುವಿನ ಹಿಂದೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ನಮ್ಮ ಹುಡುಗಿ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ವಾರ ಉಳಿದಿದೆ. ಸುತ್ತಲಿನ ಮೂರು ಪ್ರೌಢಶಾಲೆಗಳ ಹತ್ತನೇ ತರಗತಿಯ ಮಕ್ಕಳನ್ನೆಲ್ಲ ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿ ಪ್ರೇರಣಾ ಶಿಬಿರ ಮಾಡಿದರು. ಬೆಂಗಳೂರಿನಿಂದ ಭಾಷಣಕಾರರನ್ನು ಕರೆಸಿದ್ದರು. ಹೆಸರು ಬೇಡ. ಮನುಷ್ಯ ಕೆಟ್ಟವರಲ್ಲ. ಮಕ್ಕಳ ಜೊತೆ ನೆಲದ ಮೇಲೆ ಕೂತು ಉಪ್ಪಿಟ್ಟು ತಿಂದರು, ಹಾರ ತುರಾಯಿ ಬೇಡವೆಂದರು. ಮಾತಂತೂ ಹೊಳೆ ಹರಿದ ಹಾಗೆ. ಪ್ರಮೇಯ ಬಿಡಿಸಲು ಬೋರ್ಡಿನ ಕಡೆ ತಿರುಗಿದರೆ ಸಾಕು, ಬೆನ್ನ ಹಿಂದೆ ಪೇಪರ್ ರಾಕೆಟ್ ಹಾರಿಸುವ ಹುಡುಗರು ಎರಡು ಗಂಟೆ ಕಣ್ಣು ಮಿಟುಕಿಸದೆ ಕೂತಿದ್ದರು. ಇಪ್ಪತ್ತು ವರ್ಷ ಪಾಠ ಮಾಡಿರುವ ನನಗೆ ಅದು ಎಷ್ಟು ಕಷ್ಟದ ವಿದ್ಯೆ ಅಂತ ಗೊತ್ತು.

ಕೊನೆಗೆ ದೀಪ ಆರಿಸಿದರು. ಸಣ್ಣಗೆ ಕೊಳಲು ಹಾಕಿದರು. ಕಣ್ಣು ಮುಚ್ಚಿ, ಅಮ್ಮನ ಅಂಗೈ ನೆನಪಿಸಿಕೊಳ್ಳಿ ಅಂದರು. ಒಡೆದ ಹಿಮ್ಮಡಿ, ಹರಿದ ಚಪ್ಪಲಿ, ನಿಮಗೆ ಬಡಿಸಿ ತಾನು ಹಸಿದು ಮಲಗಿದ ರಾತ್ರಿ. ಮೊದಲು ಒಂದು ಮೂಲೆಯಲ್ಲಿ ಬಿಕ್ಕು ಕೇಳಿಸಿತು, ಐದೇ ನಿಮಿಷದಲ್ಲಿ ಮಂಟಪವೆಲ್ಲ ಅಳು. ನಾನೂ ಅತ್ತೆ. ಹೋದ ವರ್ಷ ತೀರಿಕೊಂಡ ಅಮ್ಮ ನೆನಪಾದರು. ಆದರೆ ಕಣ್ಣು ಬಿಟ್ಟು ನೋಡಿದಾಗ ಮೂರನೇ ಸಾಲಿನ ಹುಡುಗನೊಬ್ಬ ತಲೆ ಎತ್ತಿ ಫ್ಯಾನ್ ನೋಡುತ್ತಾ ಕೂತಿದ್ದ. ಅವನ ಅಮ್ಮ ಅವನನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಿ ಆರು ವರ್ಷವಾಯಿತು. ಅವನು ಯಾರ ಅಂಗೈ ನೆನಪಿಸಿಕೊಳ್ಳಬೇಕಿತ್ತು? ಕತ್ತಲೆಯಲ್ಲಿ ಎಲ್ಲ ಮಕ್ಕಳನ್ನೂ ಒಂದೇ ಬಾಗಿಲಿನಿಂದ ಒಳಗೆ ಕರೆಯುವ ಈ ಪದ್ಧತಿ ನನಗೆ ಆವತ್ತೇ ಚುಚ್ಚಿತು.

ದೀಪ ಹಾಕಿದ ಮೇಲೆ ಪ್ರಶ್ನೆ ಕೇಳಿ ಅಂದರು. ಯಾರೂ ಏಳಲಿಲ್ಲ. ಆಮೇಲೆ ನಮ್ಮ ಹುಡುಗಿ ಎದ್ದಳು. ತರಗತಿಯಲ್ಲಿ ಬಾಯಿ ಬಿಡದವಳು. ಎರಡು ಗಂಟೆಯ ಮಾತು ಅವಳಿಗೆ ಕೊಟ್ಟ ಧೈರ್ಯವೇ ಅದು, ಅದನ್ನು ನಾನು ಮುಚ್ಚಿಡುವುದಿಲ್ಲ.

"ಸಾರ್, ಮನೇಲಿ ಹುಳ ಐತೆ. ಎಲ್ಲಿ ಕೂತ್ಕೊಂಡು ಓದ್ಲಿ?"

"ಹುಳಾನಾ? ಹುಳಕ್ಕೆಲ್ಲ ಹೆದರ್ತಾರೇನಮ್ಮಾ? ಹುಲಿ ಥರ ಇರ್ಬೇಕು ನೀನು! ಎಲ್ಲರೂ ಹೇಳಿ, ಯಾರ ಥರ?"

"ಹುಲಿ ಥರ!"

ಮಂಟಪ ಹಾರಿಹೋಗುವಂಥ ಕೂಗು, ನಗು, ಚಪ್ಪಾಳೆ. ಅವಳು ಮೈಕನ್ನು ಪಕ್ಕದವಳಿಗೆ ಕೊಟ್ಟು ಕೂತಳು.

ಶಿಡ್ಲಘಟ್ಟದ ಸೀಮೆಯಲ್ಲಿ ಹುಳ ಅಂದರೆ ರೇಷ್ಮೆ ಹುಳ. ಬೇರೆ ಅರ್ಥವೇ ಇಲ್ಲ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹಗಲೂ ರಾತ್ರಿ ಮೇಯುತ್ತದೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕಿಂತ ಹೆಚ್ಚು ಪಾಲು ಆ ಒಂದೇ ವಾರದಲ್ಲಿ ಮುಗಿಯುತ್ತದೆ. ಹೊಲ ಇರುವವರು ಬೇರೆ ಹುಳುಮನೆ ಕಟ್ಟಿಸಿಕೊಂಡಿದ್ದಾರೆ. ಇಲ್ಲದವರು ಇರುವ ಮನೆಯನ್ನೇ ಹುಳಕ್ಕೆ ಬಿಟ್ಟುಕೊಡುತ್ತಾರೆ. ನಡುಮನೆಯಲ್ಲಿ ಹುಳ, ಅಡುಗೆಮನೆಯ ಮೂಲೆಯಲ್ಲಿ ಮನುಷ್ಯರು. ಸೊಳ್ಳೆಬತ್ತಿ ಹಚ್ಚುವ ಹಾಗಿಲ್ಲ, ಆ ಹೊಗೆಗೆ ಹುಳ ಸಾಯುತ್ತದೆ. ರಾತ್ರಿ ಎದ್ದು ಸೊಪ್ಪು ಹಾಕಬೇಕು. ಅವಳು ಕೇಳಿದ್ದು ಇಷ್ಟು: ಈ ಒಂದು ವಾರ ನಾನು ಎಲ್ಲಿ ಕೂರಲಿ?

ಬೆಂಗಳೂರಿನವರಿಗೆ ಅದು ಗೊತ್ತಿಲ್ಲದಿದ್ದರೆ ತಪ್ಪು ಅನ್ನಲಾರೆ. ಆದರೆ "ಯಾವ ಹುಳ ಮಗಾ?" ಅಂತ ಒಂದು ಮಾತು ಕೇಳಬಹುದಿತ್ತಲ್ಲ. ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ನಕ್ಕ ಮಕ್ಕಳು. ಅವರಲ್ಲಿ ಅರ್ಧಕ್ಕರ್ಧ ಮಂದಿ ಹುಳ ಮೇಯಿಸುವ ಮನೆಯವರೇ. ಆವತ್ತು ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕಿ ಬಂದವರೂ "ಹುಲಿ" ಅಂತ ಕೂಗಿದರು. ತಮಗೆ ಚೆನ್ನಾಗಿ ಗೊತ್ತಿದ್ದದ್ದನ್ನೇ ಒಂದು ಗಳಿಗೆ ಮರೆತರು. ಒಳ್ಳೆಯ ಮಾತುಗಾರನ ಕೈಯಲ್ಲಿ ಸಭೆ ಸಿಕ್ಕಿದಾಗ ಹೀಗೂ ಆಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಆವತ್ತಿನ ಭಾಷಣದಲ್ಲಿ ವಿಶ್ವೇಶ್ವರಯ್ಯನವರೂ ಬಂದಿದ್ದರು, ಬೀದಿದೀಪದ ಕೆಳಗೆ. ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ ಆದ್ದರಿಂದ ಈ ಕಥೆ ಇಲ್ಲಿಯ ಮಕ್ಕಳಿಗೆ ಹಾಲಿನ ಜೊತೆಗೇ ಕುಡಿಸಿದ್ದು. ಆದರೆ ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಆ ಹುಡುಗ ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿದ್ದನ್ನು, 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದನ್ನು ಯಾಕೆ ಯಾರೂ ಹೇಳುವುದಿಲ್ಲ? ಛಲದ ಕಥೆ ಹೇಳುವಾಗ ಕೈ ಹಿಡಿದವರನ್ನು ಬಿಟ್ಟುಬಿಡುತ್ತೇವೆ. ಆಮೇಲೆ ಕೈ ಹಿಡಿಯುವವರಿಲ್ಲದ ಮಗು, ತನ್ನಲ್ಲೇ ಛಲ ಸಾಲದು ಅಂದುಕೊಂಡು ಮನೆಗೆ ಹೋಗುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರೂ ನಮ್ಮವರೇ. ಬಸ್ಸಿಗೆ ಕಾಸಿಲ್ಲದೆ ಓದಲು ಬೆಂಗಳೂರಿಗೆ ನಡೆದುಕೊಂಡು ಹೋದ ಹುಡುಗ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದನ್ನು ಭಾಷಣಕಾರರು ತಪ್ಪದೆ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನದು. ಅಷ್ಟು ದೊಡ್ಡ ಹುದ್ದೆ ನೋಡಿದವರು ಕೊನೆಯವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಇದ್ದರು. ಅಲ್ಲಿಯ ಹುಡುಗರಿಗೆ ಅವರು ಬೇರೆ ಭಾಷಣ ಮಾಡುವ ಅಗತ್ಯವೇನಿತ್ತು?

ಭಾಷಣವೇ ಬೇಡ ಅನ್ನುತ್ತಿಲ್ಲ. ಅಬ್ದುಲ್ ಕಲಾಂ ಅವರ ಸಭೆಗಳಲ್ಲಿಯೂ ಮಕ್ಕಳು ಒಟ್ಟಿಗೆ ಕೂಗಿ ಪ್ರತಿಜ್ಞೆ ಹೇಳುತ್ತಿದ್ದರು. ಆದರೆ ಅಲ್ಲಿ ಮಕ್ಕಳ ಪ್ರಶ್ನೆಗಳಿಗೂ ಜಾಗವಿತ್ತು. 2015ರ ಜುಲೈ 27ರಂದು ಶಿಲ್ಲಾಂಗಿನಲ್ಲಿ ವಿದ್ಯಾರ್ಥಿಗಳ ಮುಂದೆ ಮಾತಾಡುತ್ತಲೇ ಕುಸಿದರು ಅಂತ ಕೇಳಿದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಸೋಮವಾರ ಸಂಜೆ ಅವಳ ಮನೆಗೆ ಹೋದೆ. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು ಒಳಗೆ ಕಾಲಿಟ್ಟರೆ ಹೊರಗೆ ಜಿಟಿಜಿಟಿ ಮಳೆ ಹಿಡಿದ ಹಾಗೆ ಸದ್ದು, ಹುಳ ಸೊಪ್ಪು ಮೇಯುವ ಸದ್ದು. ಅಪ್ಪ ಸೊಪ್ಪಿನ ಹೊರೆ ಇಳಿಸಿ, "ಕೂತ್ಕೊಳ್ಳಿ ಮೇಡಂ" ಅಂದವರು ಕೂರಲು ಜಾಗ ಹುಡುಕಿದರು. ಸಿಗಲಿಲ್ಲ. ನಿಂತೇ ಮಾತಾಡಿದೆವು. ಈ ಬೆಳೆ ಕೈಗೆ ಬಂದರೆ ದೊಡ್ಡವಳ ಮದುವೆ ಸಾಲ ಅರ್ಧ ತೀರುತ್ತದಂತೆ.

ಹುಡುಗಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಕೈ ಎಷ್ಟು ಚುರುಕು! ಸೊಳ್ಳೆ ಕಚ್ಚಿದ ಗುರುತು ಮೊಣಕೈವರೆಗೂ ಇತ್ತು. ಅವಳ ಪಕ್ಕದಲ್ಲಿ ನಿಂತು ಕೇಳಿದೆ. "ಆವತ್ತು ಅವರು ಹಾಗಂದಿದ್ದಕ್ಕೆ ಬೇಜಾರಾಯ್ತೇನೇ?"

"ಇಲ್ಲ ಮಿಸ್. ಚೆನ್ನಾಗಿ ಮಾತಾಡಿದ್ರು. ಅಮ್ಮನ ಕೈ ಅಂದಾಗ ನಾನೂ ಅತ್ತೆ."

"ನಿನ್ನ ಪ್ರಶ್ನೆ ಅವರಿಗೆ ಅರ್ಥಾನೇ ಆಗಲಿಲ್ಲ ನೋಡು."

"ಅವ್ರಿಗೆ ಗೊತ್ತಿಲ್ಲ ಮಿಸ್." ಇನ್ನೊಂದು ಹಿಡಿ ಸೊಪ್ಪು ಎತ್ತಿಕೊಂಡಳು. "ನಿಮ್ಗೆ ಗೊತ್ತಿತ್ತಲ್ಲ."

ಜಗಳದ ದನಿಯಲ್ಲ ಅದು. ಲೆಕ್ಕ ತಪ್ಪಿದೆ ಮಿಸ್ ಅಂತ ಬೋರ್ಡು ತೋರಿಸುವಾಗ ಮಕ್ಕಳು ಹೇಳುತ್ತಾರಲ್ಲ, ಆ ದನಿ. ಆವತ್ತು ನಾನು ವೇದಿಕೆಯ ಪಕ್ಕದಲ್ಲೇ ಇದ್ದೆ. ನನ್ನ ಕೈಯಲ್ಲೂ ಒಂದು ಮೈಕ್ ಇತ್ತು, ವಂದನಾರ್ಪಣೆ ನನ್ನದೇ. "ಸಾರ್, ಅವಳು ರೇಷ್ಮೆ ಹುಳದ ವಿಷಯ ಹೇಳ್ತಿದ್ದಾಳೆ" ಅನ್ನಲು ಎಷ್ಟು ಹೊತ್ತು ಬೇಕಿತ್ತು? ಅತಿಥಿಗಳ ಮಾತಿಗೆ ಅಡ್ಡ ಬರಬಾರದು ಅಂದುಕೊಂಡೆ. ಇಲ್ಲ, ಅಷ್ಟೂ ಅಂದುಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಮಂಗಳವಾರ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ ಪ್ರಯೋಗಾಲಯದ ಬೀಗದ ಕೈ ಇಸಕೊಂಡೆ. ಸಂಜೆ ಶಾಲೆ ಬಿಟ್ಟ ಮೇಲೆ ಏಳೂವರೆ ತನಕ ನಾನೇ ಕೂರುತ್ತೇನೆ, ಅಡುಗೆಯ ಅಕ್ಕ ಜೊತೆಗಿರುತ್ತಾರೆ. ಒಂದು ಸೊಳ್ಳೆಬತ್ತಿಯ ಡಬ್ಬಿ ತಂದಿಟ್ಟಿದ್ದೆ. ಅದರ ವಾಸನೆ ಬಟ್ಟೆಗೆ ಹತ್ತಿದರೆ ಹುಳಕ್ಕೆ ಆಗುತ್ತೋ ಇಲ್ಲವೋ ಅಂತ ಮಕ್ಕಳೇ ಚರ್ಚೆ ಮಾಡಿ ಬೇಡವೆಂದರು. ಕಿಟಕಿಗೆ ಹಳೆಯ ಸೊಳ್ಳೆಪರದೆ ಕಟ್ಟಿದ್ದಾರೆ. ಮೊದಲ ದಿನ ಅವಳೊಬ್ಬಳೇ ಬಂದಿದ್ದಳು. ನಿನ್ನೆ ಹನ್ನೊಂದು ಜನ. ಆವತ್ತು ಫ್ಯಾನ್ ನೋಡುತ್ತಾ ಕೂತಿದ್ದ ಹುಡುಗನೂ ಇದ್ದ.

ಏಳು ಗಂಟೆಗೆ ಅವಳ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಹುಳ ಹಣ್ಣಾಗಿದೆ, ಗೂಡು ಕಟ್ಟಲು ಚಂದ್ರಿಕೆ ತಟ್ಟಿಗೆ ಬಿಡಬೇಕು, ಮಗಳನ್ನು ಕಳಿಸಿ ಅಂದರು. ಅವಳು ಪುಸ್ತಕ ಮುಚ್ಚಲಿಲ್ಲ. "ಈ ಒಂದು ಲೆಕ್ಕ ಅಪ್ಪ" ಅಂದಳು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು.